ಯಾವ ಔಷಧಿ?

ನಮ್ಮ ಮಲೆನಾಡಿನ ಕಡೆ ಗದ್ದೆಗೆ ಹೊಡೆಯುವುದಕ್ಕೂ ಔಷಧಿ ಅಂತಲೇ ಹೆಸರು, ಜ್ವರಕ್ಕೆ ನುಂಗುವುದಕ್ಕೂ ಔಷಧಿ ಅಂತಲೇ ಹೆಸರು. ಶುಂಠಿಗೆ ಔಷಧಿ ಬಿಡುತ್ತೇವೆ, ತೋಟಕ್ಕೆ ಔಷಧಿ ಹೊಡೆಯುತ್ತೇವೆ, ಅಜ್ಜಿಗೆ ಔಷಧಿ ಕೊಡುತ್ತೇವೆ. ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನಾನೂ ಹಾಗೇ ಮಾತಾಡಿಕೊಂಡು ಬೆಳೆದೆ. ಈ ಪದದ ಬಗ್ಗೆ ನಿಂತು ಯೋಚಿಸಿದ್ದು ಶಿವಮೊಗ್ಗದಲ್ಲಿ ಎಂಬಿಬಿಎಸ್ ಮೂರನೇ ವರ್ಷಕ್ಕೆ ಬಂದು, ಫೊರೆನ್ಸಿಕ್ ಮೆಡಿಸಿನ್ ಪಾಠ ಕೇಳತೊಡಗಿದ ಮೇಲೆ.

ಕನ್ನಡದಲ್ಲಿ ಇದಕ್ಕೆ ನ್ಯಾಯವೈದ್ಯಶಾಸ್ತ್ರ ಮತ್ತು ವಿಷಶಾಸ್ತ್ರ ಅಂತಾರೆ. ನಮ್ಮ ಬಾಯಲ್ಲಿ ಬರೀ ಎಫ್‌ಎಂಟಿ. ಪರೀಕ್ಷೆಗೆ ಒಂದು ತಿಂಗಳು ಇದ್ದಾಗ ಓದಿದರೆ ಸಾಕು ಎಂದು ಸೀನಿಯರ್‌ಗಳು ಹೇಳಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಕ್ಯಾಶುವಾಲ್ಟಿಗೆ ನಿಂತ ಮೊದಲ ವಾರದಿಂದಲೇ ನನ್ನ ಕೈಹಿಡಿದ ಪಾಠ ಇದೇ. ಈ ವರ್ಷ ಇದನ್ನು ಓದಲು ಕೂರುವ ತಮ್ಮ ತಂಗಿಯರಿಗೆ ನಾನು ಕಲಿತ ದಾರಿ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ನಮ್ಮನ್ನು ಡಿಪಾರ್ಟ್‌ಮೆಂಟಿನ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಸಾಲಾಗಿ ಗಾಜಿನ ಜಾಡಿಗಳು. ಒಳಗೆ ಬೀಜ, ಬೇರು, ಕಾಯಿ. ಚೀಟಿಯಲ್ಲಿ ಲ್ಯಾಟಿನ್ ಹೆಸರು. ಪಕ್ಕದಲ್ಲಿ ನಿಂತಿದ್ದ ಬೆಂಗಳೂರಿನ ಗೆಳತಿ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನನಗೋ ಚೀಟಿ ನೋಡುವ ಅಗತ್ಯವೇ ಇರಲಿಲ್ಲ. ಎಲ್ಲವೂ ನಮ್ಮ ಮನೆ ಸುತ್ತಲಿನವು. ಬೇಲಿಯ ಎಕ್ಕ, ದೇವರಿಗೆ ಕೊಯ್ಯುವ ಕಣಗಿಲೆ, ಗುಡ್ಡದ ಕಾಸರಕ, ದನ ಕಾಯಲು ಹೋದಾಗ ಆರಿಸಿ ತಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದ ಗುಲಗಂಜಿ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಅದೇ ಕೆಂಪು ಕಾಳು. ಸಿಪ್ಪೆ ಎಷ್ಟು ಗಟ್ಟಿ ಎಂದರೆ ಮಕ್ಕಳು ಇಡಿಯಾಗಿ ನುಂಗಿದರೆ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗಿಬಿಡುತ್ತದೆ. ಆದರೆ ಒಳಗಿರುವ ಏಬ್ರಿನ್ ಬಹಳ ಕೆಟ್ಟ ವಿಷ. ಕರಿಗೇರಿನ ಜಾಡಿಯೂ ಇತ್ತು. ತಿನ್ನುವ ಗೋಡಂಬಿಯಲ್ಲ, ಬಟ್ಟೆಗೆ ಅಳಿಸದ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕಾಡಿನ ಗೇರು. ಅದರ ರಸ ಚರ್ಮಕ್ಕೆ ತಾಗಿದರೆ ಹೊಡೆತ ಬಿದ್ದ ಹಾಗೆ ಕಪ್ಪಗಾಗುತ್ತದೆ. ಹೊಡೆದರು ಎಂದು ಸುಳ್ಳು ದೂರು ಕೊಡಲು ಹಿಂದೆ ಇದನ್ನು ಬಳಸಿದ್ದುಂಟಂತೆ. ನಿಜವಾದ ಪೆಟ್ಟು ನೋಯುತ್ತದೆ, ಗೇರಿನ ಕಲೆ ತುರಿಸುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳಿರುತ್ತವೆ.

ಅವತ್ತು ಮೇಡಂ ಎರಡು ತಟ್ಟೆ ಇಟ್ಟು, ಯಾವುದರಲ್ಲಿ ಏನಿದೆ ಎಂದು ಕೇಳಿದರು. ಒಂದರಲ್ಲಿ ದತ್ತೂರಿ ಬೀಜ, ಇನ್ನೊಂದರಲ್ಲಿ ಮೆಣಸಿನಕಾಯಿ ಬೀಜ. ದೂರದಿಂದ ನೋಡಿದರೆ ಎರಡೂ ಒಂದೇ. ಹತ್ತಿರ ಹಿಡಿದರೆ ದತ್ತೂರಿಯದು ಸ್ವಲ್ಪ ದೊಡ್ಡದು, ಕಂದು ಬಣ್ಣ, ಮೂತ್ರಪಿಂಡದ ಆಕಾರ. ಮೆಣಸಿನದು ತೆಳು, ಹಳದಿ. ಇಷ್ಟೇ ವ್ಯತ್ಯಾಸ. ದತ್ತೂರಿ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೈ ಬಿಸಿಯಾಗುತ್ತದೆ, ಮನುಷ್ಯ ಬಡಬಡಿಸುತ್ತ ಗಾಳಿಯಲ್ಲಿ ಏನೋ ಹಿಡಿಯಲು ಹೋಗುತ್ತಾನೆ. ಅದರಲ್ಲಿರುವುದು ಅಟ್ರೋಪಿನ್ ಗುಂಪಿನ ರಾಸಾಯನಿಕಗಳು. ಅದೇ ಅಟ್ರೋಪಿನ್ ಒಂದು ರಾತ್ರಿ ನನ್ನ ಕೈಯಲ್ಲೇ ಒಬ್ಬರ ಜೀವ ಉಳಿಸುವ ಔಷಧಿಯಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೊದಲ ಪೋಸ್ಟ್‌ಮಾರ್ಟಂ ನೋಡಿದ್ದು ಜುಲೈನಲ್ಲಿ. ಹೊರಗೆ ಒಂದೇ ಸಮ ಮಳೆ. ಶವಾಗಾರದ ಜಗಲಿಯಲ್ಲಿ ಕೊಡೆ ಮಡಚಿ ನಿಂತ ನಾಲ್ಕೈದು ಜನ. ಯಾರೂ ಮಾತಾಡುತ್ತಿರಲಿಲ್ಲ. ಒಳಗೆ ಹೋಗುವ ಮುಂಚೆ ಮೇಡಂ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, "ಹೊರಗಿದ್ದಾರಲ್ಲ, ಅವರು ಮನೆಯವರು. ನಗು, ಫೋನು ಎರಡೂ ಬೇಡ" ಅಂದರು. ಮೊದಲು ನೋಡಿದ್ದು ದೇಹವನ್ನಲ್ಲ, ಕಾಗದಗಳನ್ನು. ಪೊಲೀಸರ ಕೋರಿಕೆ ಪತ್ರ, ಪಂಚನಾಮೆ. ಅದಿಲ್ಲದೆ ಡಾಕ್ಟರು ಚಾಕು ಮುಟ್ಟುವ ಹಾಗಿಲ್ಲ. ಹಳೇ ಪುಸ್ತಕದಲ್ಲಿ ಇದು ಸಿಆರ್‌ಪಿಸಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ ಅಂತ ಇರುತ್ತದೆ. 2024ರ ಜುಲೈ 1ರಿಂದ ಹೊಸ ಕಾನೂನು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194. ಹಳೇ ನೋಟ್ಸ್ ಓದುವವರು ಇದನ್ನು ತಿದ್ದಿಕೊಳ್ಳಬೇಕು. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡರೆ ತಹಶೀಲ್ದಾರರೇ ಬಂದು ಪಂಚನಾಮೆ ಮಾಡುವುದನ್ನು ಆಮೇಲೆ ಒಮ್ಮೆ ನೋಡಿದೆ. ಆಕೆ ನನಗಿಂತ ಚಿಕ್ಕವಳು. ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ.

ಜುಲೈನ ಆ ದಿನ ಮೇಜಿನ ಮೇಲಿದ್ದವರು ಒಬ್ಬ ರೈತರು. ಅಂಗೈ ನಮ್ಮ ಅಪ್ಪಯ್ಯನ ಅಂಗೈ ಹಾಗೇ ಇತ್ತು, ಬಿರುಕು ಬಿಟ್ಟು ಅಡಿಕೆ ಚೊಗರಿನ ಕಪ್ಪು ಹತ್ತಿ. ನನಗೆ ತಲೆ ಸುತ್ತಲಿಲ್ಲ, ಆದರೆ ಆ ಅಂಗೈಯನ್ನು ಬಿಟ್ಟು ಬೇರೆ ಏನನ್ನೂ ನೋಡಲಾಗಲಿಲ್ಲ. ಶವಾಗಾರದ ಸಿಬ್ಬಂದಿಯೊಬ್ಬರು, ನಾವೆಲ್ಲ ಅಣ್ಣ ಅಂತಲೇ ಕರೆಯುವವರು, ಮೆಲ್ಲಗೆ "ಗೋಡೆಗೆ ಒರಗಿ ನಿಂತ್ಕಳಿ ಮೇಡಂ, ಸರಿ ಹೋಗ್ತದೆ" ಅಂದರು. ಸರಿ ಹೋಯಿತು.

ವಿಷದ ಅನುಮಾನ ಇರುವಾಗ ಹೊಟ್ಟೆಯನ್ನು ಸುಮ್ನೆ ಕತ್ತರಿಸುವುದಿಲ್ಲ. ಜಠರದ ಎರಡೂ ತುದಿ ದಾರದಿಂದ ಬಿಗಿಯಾಗಿ ಕಟ್ಟಿ, ಹೊರತೆಗೆದು, ಆಮೇಲೆ ತೆರೆಯುತ್ತಾರೆ. ತೆರೆದ ಕ್ಷಣದಲ್ಲಿ ಬರುವ ವಾಸನೆ, ಒಳಗಿನ ಬಣ್ಣ, ಒಳಪದರ ಕೆಂಪಾಗಿದೆಯೋ ಸುಟ್ಟಂತಿದೆಯೋ, ಎಲ್ಲವನ್ನೂ ಆಗಲೇ ಬರೆಯಬೇಕು. ವಾಸನೆಯನ್ನು ಬಾಟಲಿಗೆ ಹಾಕಿ ಕಳಿಸಲು ಬರುವುದಿಲ್ಲವಲ್ಲ. ಅವತ್ತು ಸೀಮೆಎಣ್ಣೆಯಂಥ ವಾಸನೆ ಕೋಣೆ ತುಂಬಿತು. ಕೀಟನಾಶಕವನ್ನು ಕರಗಿಸಲು ಬಳಸುವ ದ್ರಾವಕದ ವಾಸನೆ ಅದು ಎಂದು ಮೇಡಂ ಹೇಳಿದರು.

ಆಮೇಲೆ ಬಾಟಲಿಗಳು. ಒಂದರಲ್ಲಿ ಜಠರ, ಅದರೊಳಗಿದ್ದದ್ದು, ಸಣ್ಣ ಕರುಳಿನ ಸುಮಾರು 30 ಸೆಂಟಿಮೀಟರ್. ಇನ್ನೊಂದರಲ್ಲಿ ಯಕೃತ್ತಿನ ಅರ್ಧ ಕಿಲೋದಷ್ಟು ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ. ಮೂರನೆಯದರಲ್ಲಿ ರಕ್ತ, ಅದಕ್ಕೆ ಸೋಡಿಯಂ ಫ್ಲೋರೈಡ್. ಅಂಗಗಳನ್ನು ಮುಳುಗಿಸುವುದು ಅಡುಗೆ ಉಪ್ಪಿನ ನೀರಿನಲ್ಲಿ. ಉಪ್ಪು ಕರಗಿ ಕರಗಿ, ಇನ್ನು ಕರಗದೆ ತಳದಲ್ಲಿ ನಿಲ್ಲುವಷ್ಟು. ಅಪ್ಪೆಮಿಡಿಗೆ ಅಮ್ಮ ಹಾಕುವ ಉಪ್ಪಿನ ನೆನಪು ಬಂತು. ಕೆಡಬಾರದು ಎನ್ನುವ ಲೆಕ್ಕ ಎರಡೂ ಕಡೆ ಒಂದೇ. ಫಾರ್ಮಲಿನ್ ಯಾಕೆ ಹಾಕಬಾರದು ಎಂದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎಲ್ಲರಿಗೂ ಕೇಳುತ್ತಾರೆ. ಫಾರ್ಮಲಿನ್ ಅಂಗವನ್ನು ಗಟ್ಟಿ ಮಾಡುತ್ತದೆ. ಆಮೇಲೆ ಅದರಿಂದ ವಿಷವನ್ನು ಬೇರ್ಪಡಿಸುವುದು ಕಷ್ಟ. ಬಾಟಲಿಯನ್ನು ಕಂಠದವರೆಗೆ ತುಂಬುವುದಿಲ್ಲ. ಒಳಗೆ ಅನಿಲ ಹುಟ್ಟಿ ಒಡೆಯಬಹುದು ಅಂತ ಮೂರನೇ ಒಂದು ಭಾಗ ಖಾಲಿ ಬಿಡುತ್ತಾರೆ.

ನನಗೆ ಅರ್ಥವಾಗದೆ ಹೋದದ್ದು ನಾಲ್ಕನೇ ಬಾಟಲಿ. ಅದರಲ್ಲಿ ಬರೀ ಉಪ್ಪುನೀರು. ಕೇಳಿದ್ದಕ್ಕೆ ಮೇಡಂ ಫ್ರಾನ್ಸಿನ ಕಥೆ ಹೇಳಿದರು. 1840ರಲ್ಲಿ ಲಫಾರ್ಜ್ ಎಂಬ ಮನೆತನದ ಹೆಂಗಸಿನ ಮೇಲೆ ಗಂಡನಿಗೆ ಆರ್ಸೆನಿಕ್ ಹಾಕಿದ ಆರೋಪ. ಜೇಮ್ಸ್ ಮಾರ್ಷ್ 1836ರಲ್ಲಿ ಪ್ರಕಟಿಸಿದ ಪರೀಕ್ಷೆ ಆಗಿನ್ನೂ ಹೊಸದು. ಕೋರ್ಟು ಒರ್ಫಿಲಾ ಎಂಬ ವಿಷಶಾಸ್ತ್ರಜ್ಞರನ್ನು ಕರೆಸಿತು. ಅವರು ಶವದಲ್ಲಿ ಆರ್ಸೆನಿಕ್ ತೋರಿಸಿದ್ದಷ್ಟೇ ಅಲ್ಲ, ಅದು ತಮ್ಮ ರಾಸಾಯನಿಕಗಳಿಂದ ಬಂದಿಲ್ಲ, ಗೋರಿಯ ಸುತ್ತಲಿನ ಮಣ್ಣಿನಿಂದಲೂ ಬಂದಿಲ್ಲ ಎಂದೂ ತೋರಿಸಿದರು. ನಮ್ಮ ಉಪ್ಪುನೀರಿನ ಬಾಟಲಿ ಅದಕ್ಕೇ ಇರುವುದು. ವಿಷ ನಿಮ್ಮ ಉಪ್ಪಿನಿಂದಲೇ ಬಂತು ಅಂತ ನಾಳೆ ಯಾರೂ ಹೇಳುವ ಹಾಗಿರಬಾರದು. ಅರಗು ಕರಗಿಸಿ ಮುದ್ರೆ ಒತ್ತಿ, ಪೊಲೀಸರಿಂದ ರಸೀದಿ ಪಡೆದು, ಅವರ ಕೈಗೆ ಕೊಟ್ಟರು. ಅಲ್ಲಿಂದ ಅದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ.

ಸಂಜೆ ಅಭ್ಯಾಸಕ್ಕಾಗಿ ನಾವೂ ವರದಿ ಬರೆಯಬೇಕಿತ್ತು. ಸಾವಿನ ಕಾರಣ ಎನ್ನುವಲ್ಲಿ ನಾನು "ಕೀಟನಾಶಕ ಕುಡಿದು" ಅಂತ ಬರೆದೆ. ಮೇಡಂ ಅದರ ಮೇಲೆ ಗೆರೆ ಎಳೆದರು. "ಕುಡಿದಿದ್ದನ್ನ ನೀನು ನೋಡಿದ್ಯಾ?" ಅಂತ ಕೇಳಿದರು. "ಕುಡಿಸಿರಬಹುದು. ಗೊತ್ತಿಲ್ಲದೆ ಕುಡಿದಿರಬಹುದು. ಯಾವ ಕೀಟನಾಶಕ? ನಿನ್ನ ಮೂಗಿಗೆ ಬಂದಿದ್ದು ಸೀಮೆಎಣ್ಣೆ ವಾಸನೆ. ಅದನ್ನ ಬರಿ." ಸರಿಯಾದ ಬರಹ ಏನೆಂದರೆ, ರಾಸಾಯನಿಕ ವಿಶ್ಲೇಷಣೆಯ ವರದಿ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಲಾಗಿದೆ. ನೋಡಿದ್ದು ಬೇರೆ, ಅಂದುಕೊಂಡದ್ದು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವ ಅಭ್ಯಾಸ ಬಿಡಲು ನನಗೆ ಹತ್ತಿರ ಹತ್ತಿರ ಆರು ತಿಂಗಳು ಬೇಕಾಯಿತು.

ಸತ್ತ ಸಮಯ ಹೇಳುವುದರಲ್ಲೂ ಇದೇ ಕಥೆ. ಸತ್ತ ಮೇಲೆ ಮೈ ಸೆಟೆಯುವುದು ರೆಪ್ಪೆ, ದವಡೆಯಲ್ಲಿ ಒಂದೆರಡು ಗಂಟೆಯಲ್ಲಿ ಶುರುವಾಗಿ, ಸುಮಾರು 12 ಗಂಟೆಗೆ ಮೈಯೆಲ್ಲ ಹರಡಿ, ಇನ್ನು 12 ಗಂಟೆ ಇದ್ದು, ಮುಂದಿನ 12 ಗಂಟೆಯಲ್ಲಿ ಬಿಡುತ್ತದೆ ಎಂಬುದು ಪುಸ್ತಕದ ಲೆಕ್ಕ. ಸೆಖೆಯಲ್ಲಿ ಇದು ಬೇಗ, ಚಳಿಯಲ್ಲಿ ನಿಧಾನ. "ಆಗುಂಬೆ ಮಳೆಗೂ ರಾಯಚೂರು ಬೇಸಿಗೆಗೂ ಒಂದೇ ಗಡಿಯಾರ ಇಲ್ಲ" ಅಂತ ಮೇಡಂ ಹೇಳುತ್ತಿದ್ದರು. ಆದ್ದರಿಂದ ಇಷ್ಟು ಗಂಟೆಗೇ ಅಂತ ಯಾವತ್ತೂ ಬರೆಯಬಾರದು, ಇಷ್ಟರಿಂದ ಇಷ್ಟರೊಳಗೆ ಅಂತ ಬರೆಯಬೇಕು.

ಮಳೆಗಾಲದಲ್ಲಿ ನದಿಯಿಂದ ಬರುವ ದೇಹಗಳೂ ಇರುತ್ತವೆ. ತುಂಗೆ, ಭದ್ರೆ, ಶರಾವತಿ ಹಿನ್ನೀರು. ಮುಳುಗುವಾಗ ಉಸಿರಿದ್ದರೆ ನೀರಿನ ಜೊತೆ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ಶ್ವಾಸಕೋಶಕ್ಕೆ ಹೋಗಿ, ರಕ್ತದ ಜೊತೆ ಮೂಳೆಯ ಮಜ್ಜೆಯವರೆಗೂ ತಲುಪುತ್ತದೆ. ಹೃದಯ ನಿಂತ ಮೇಲೆ ನೀರಿಗೆ ಬಿದ್ದವರಲ್ಲಿ ಅಷ್ಟು ದೂರ ಹೋಗಲು ದಾರಿಯೇ ಇಲ್ಲ. ಮಜ್ಜೆಯಲ್ಲಿ ಸಿಕ್ಕಿದ್ದನ್ನು ಅದೇ ಜಾಗದ ನೀರಿನ ಜೊತೆ ಹೋಲಿಸಬೇಕು. ನಾಲ್ಕನೇ ಬಾಟಲಿಯ ಲೆಕ್ಕವೇ ಇಲ್ಲೂ. ಆದರೂ ಈ ಒಂದು ಪರೀಕ್ಷೆಯ ಮೇಲೆಯೇ ತೀರ್ಮಾನ ನಿಲ್ಲುವುದಿಲ್ಲ.

ಇನ್ನು ಆ ರಾತ್ರಿಯ ಕಥೆ.

ಇಂಟರ್ನ್‌ಶಿಪ್, ಮೆಡಿಸಿನ್ ಪೋಸ್ಟಿಂಗ್, ಮಳೆ ಹಿಡಿದ ಸಂಜೆ. ಶುಂಠಿ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ಪಿಕಪ್ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಮೈಯೆಲ್ಲ ಬೆವರು. ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು. ಪಾಪೆ ಸಾಸಿವೆ ಕಾಳಿನಷ್ಟೂ ಇಲ್ಲ. ತೊಡೆಯ ಮಾಂಸ ಚರ್ಮದ ಕೆಳಗೆ ತಾನಾಗೇ ಮಿಡಿಯುತ್ತಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ನೀರು ಕುದಿಯುವ ಸದ್ದು. ಜೊತೆಗೆ ಬಂದವರು ಒಂದೇ ಮಾತು ಹೇಳುತ್ತಿದ್ದರು. "ಔಷಧಿ ಹೊಡೀತಿದ್ರು ಮೇಡಂ. ಕುಡಿದಿಲ್ಲ, ದೇವ್ರಾಣೆ ಕುಡಿದಿಲ್ಲ."

"ಯಾವ ಔಷಧಿ?"

"ಬಿಳೀದು. ನೀರಿಗೆ ಹಾಕಿದ್ರೆ ಹಾಲಿನ ತರ ಆಗ್ತದೆ. ಸಾವ್ಕಾರ್ರು ತಂದು ಕೊಟ್ಟಿದ್ದು."

ನಾನು ಐವಿ ಹಾಕಲು ಓಡಿದೆ. ಸಿಸ್ಟರ್ ತಡೆದು ನನ್ನ ಕೈಗೆ ಗ್ಲೌಸ್ ಕೊಟ್ಟರು. ಆಮೇಲೆ ಅವರೇ ರೋಗಿಯ ಅಂಗಿ ಕತ್ತರಿಸಿ ತೆಗೆದರು. ಬೆನ್ನಿಗೆ ಹಾಕುವ ಪಂಪ್ ಸೋರಿ ಅಂಗಿ ಪೂರ್ತಿ ಒದ್ದೆಯಾಗಿತ್ತು. ಆ ಒದ್ದೆ ಅಂಗಿಯಲ್ಲೇ ಅವರು ಮಧ್ಯಾಹ್ನದಿಂದ ಕೆಲಸ ಮಾಡಿದ್ದರು, ಅದೇ ಅಂಗಿಯಲ್ಲೇ ಒಂದು ಗಂಟೆ ದಾರಿ ಬಂದಿದ್ದರು. ಅಷ್ಟು ಹೊತ್ತೂ ವಿಷ ಚರ್ಮದ ಮೂಲಕ ಒಳಗೆ ಹೋಗುತ್ತಲೇ ಇತ್ತು. ಕುಡಿದಿಲ್ಲ ಎಂದು ಅವರು ಹೇಳಿದ್ದು ನಿಜ. ಇಬ್ಬರು ಸೋಪು ಹಾಕಿ ಮೈ, ತಲೆಕೂದಲು, ಉಗುರಿನ ಸಂದಿ ತೊಳೆದರು. ಇನ್ನೊಂದು ಕಡೆ ನಾವು ಅಟ್ರೋಪಿನ್ ಶುರು ಮಾಡಿದೆವು.

ನಮ್ಮ ಕೈಗೆ ಬರುವ ಆಂಪ್ಯೂಲ್ ಒಂದರಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಮೊದಲು ಮೂರು. ಐದು ನಿಮಿಷ ಬಿಟ್ಟು ಎದೆ ಕೇಳಬೇಕು. ಸದ್ದು ಹಾಗೇ ಇದ್ದರೆ ಆರು. ಆಮೇಲೆ ಹನ್ನೆರಡು. ನಾನು ಒಡೆದು ಒಡೆದು ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರು) ಕೈಗೆ ಕೊಡುತ್ತಿದ್ದೆ. ಟ್ರೇಯಲ್ಲಿ ಗಾಜಿನ ರಾಶಿ. ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕ ಅಸಿಟೈಲ್‌ಕೊಲಿನೆಸ್ಟರೇಸ್ ಅನ್ನೋ ಕಿಣ್ವವನ್ನು ಕಟ್ಟಿಹಾಕುತ್ತದೆ. ನರದ ತುದಿಯಲ್ಲಿ ಕೆಲಸ ಮುಗಿದ ಅಸಿಟೈಲ್‌ಕೊಲಿನ್ ಎಂಬ ಸಂದೇಶವಾಹಕವನ್ನು ಗುಡಿಸುವವರೇ ಇಲ್ಲದಂತಾಗಿ ಮೈಯೆಲ್ಲ ಸುರಿಯತೊಡಗುತ್ತದೆ. ಅಟ್ರೋಪಿನ್ ಆ ಸುರಿತವನ್ನು ಒಣಗಿಸುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂದು ಹೇಳುವುದು ಮುಖ್ಯವಾಗಿ ಎದೆ ಮತ್ತು ನಾಡಿ. ಎದೆಯ ಸದ್ದು ಹೋಗಿ, ಕಂಕುಳು ಒಣಗಿ, ನಾಡಿ 80 ದಾಟಬೇಕು. ಪಾಪೆ ಅಗಲವಾಗಲು ತಡವಾಗಬಹುದು, ಅದನ್ನೇ ಕಾಯುತ್ತ ಕೂರಬಾರದು. ಜಾಸ್ತಿಯಾದರೆ ರೋಗಿ ಬಡಬಡಿಸುತ್ತ ಬೆಡ್‌ಶೀಟ್ ಕೀಳುತ್ತಾನೆ, ಥೇಟ್ ದತ್ತೂರಿ ತಿಂದವರ ಹಾಗೆ.

ಈ ನಡುವೆ ಪಿಜಿ, ಜೊತೆಗೆ ಬಂದ ಹುಡುಗನಿಗೆ ಹೊಲಕ್ಕೆ ಫೋನ್ ಮಾಡಿಸಿ ಬಾಟಲಿಯ ಲೇಬಲ್ ಫೋಟೋ ವಾಟ್ಸಾಪ್‌ನಲ್ಲಿ ತರಿಸಿದರು. ಕ್ಲೋರ್‌ಪೈರಿಫಾಸ್, ಅದೇ ಆರ್ಗನೋಫಾಸ್ಫೇಟ್ ಜಾತಿಯದು. ಎಷ್ಟು ವಿಷ ಎಂದು ತೋರಿಸುವ ಗುರುತು, ಹಳದಿ ತ್ರಿಕೋನ. ನಮ್ಮ ಅಂದಾಜು ಸರಿಯಿತ್ತು. ಆ ಫೋಟೋ ನೋಡಿದಾಗ ಆದ ಸಮಾಧಾನ ನನಗೆ ಇವತ್ತಿಗೂ ನೆನಪಿದೆ.

ಮರುದಿನದಿಂದ ರೌಂಡ್ಸ್‌ನಲ್ಲಿ ಅವರಿಗೆ ನನ್ನ ಮೊದಲ ಮಾತು, "ಅಣ್ಣ, ದಿಂಬಿಂದ ತಲೆ ಎತ್ತಿ." ಒಂದರಿಂದ ನಾಲ್ಕನೇ ದಿನದೊಳಗೆ ಕುತ್ತಿಗೆಯ ಶಕ್ತಿ ಹೋಗಿ, ಆಮೇಲೆ ಉಸಿರಾಟವೇ ಸೋಲುವುದುಂಟು. ತಲೆ ಎತ್ತಲು ಆಗದಿರುವುದೇ ಅದರ ಮೊದಲ ಸುಳಿವು. ಅವರು ಪ್ರತಿ ಸಲ ಎತ್ತಿದರು. ಎಂಟನೇ ದಿನ ನಡೆದುಕೊಂಡು ಮನೆಗೆ ಹೋದರು.

ಎಲ್ಲರ ಕಥೆ ಹೀಗೆ ಮುಗಿಯುವುದಿಲ್ಲ. ಇನ್ನೊಂದು ಸಲ ಮನೆಯವರು ಹೊಟ್ಟೆನೋವು ಅಂತಷ್ಟೇ ಹೇಳಿದರು. ಬಾಟಲಿಯನ್ನು ಗುಂಡಿ ತೋಡಿ ಮುಚ್ಚಿದ್ದರು. ಮೊದಲು ಹೋದ ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದು, ಬಂದ ನೀರನ್ನು ಚೆಲ್ಲಿಬಿಟ್ಟಿದ್ದರು. ಮೊದಲು ಬರುವ ಆ ನೀರನ್ನು ಬಾಟಲಿಗೆ ಹಾಕಿ ಸೀಲ್ ಮಾಡಿಡಬೇಕು ಎಂದು ನಮಗೆ ಅಷ್ಟು ಸಲ ಹೇಳಿದ್ದು ಯಾಕೆ ಎಂದು ಅವತ್ತು ಅರ್ಥವಾಯಿತು. ಯಾವ ವಿಷ ಎಂದು ತಿಳಿಯದೆ ಎರಡು ಗಂಟೆ ಹೋಯಿತು. ಆ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಇದ್ದದ್ದು ಪೊಲೀಸ್ ಕೇಸಿನ ಹೆದರಿಕೆ. ಹಾಗಾಗಿ ಈಗ ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ಅಂದರೆ ಒಂದು ದಾಖಲೆ, ನಿಮ್ಮ ಮೇಲಿನ ಕೇಸಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಶಿಕ್ಷೆ ಕೊಡುತ್ತಿದ್ದ ಹಳೇ ಐಪಿಸಿಯ (ದಂಡ ಸಂಹಿತೆಯ) 309ನೇ ಸೆಕ್ಷನ್ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ. ಮನಸ್ಸಿಗೆ ಭಾರವಾದಾಗ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಬೆಡ್ ಪಕ್ಕ ನಿಂತು ಮೆಲ್ಲಗೆ ಹೇಳಿದರೆ ಎಷ್ಟೋ ಜನ ನಿಜ ಹೇಳುತ್ತಾರೆ.

ಸಾಯುವ ಸ್ಥಿತಿಯಲ್ಲಿರುವವರ ಹೇಳಿಕೆ ಬರೆದುಕೊಳ್ಳುವುದನ್ನು ನಮಗೆ ಕ್ಲಾಸಿನಲ್ಲಿ ನಾಟಕದ ಹಾಗೆ ಮಾಡಿಸಿದ್ದರು. ಹೇಳುವವರಿಗೆ ಪ್ರಜ್ಞೆ, ಬುದ್ಧಿ ಸರಿಯಿದೆ ಎಂದು ಡಾಕ್ಟರು ನೋಡಿ ಬರೆಯಬೇಕು. ಉತ್ತರ ಬಾಯಿಗೆ ಹಾಕುವಂಥ ಪ್ರಶ್ನೆ ಕೇಳಬಾರದು. ಮುಖ್ಯವಾಗಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಬೇಕು. ಗೆಳತಿ ರೋಗಿಯಾಗಿ ಮಲಗಿ "ಔಷಧಿ ಕುಡಿದೆ" ಅಂದಳು. ನಾನು "ವಿಷ ಸೇವಿಸಿದೆ" ಅಂತ ಬರೆದೆ. ಮೇಡಂ ಮತ್ತೆ ಗೆರೆ ಎಳೆದರು. ಅವಳು ಹೇಳಿದ್ದು ಔಷಧಿ. ಯಾವ ಔಷಧಿ ಎಂದು ಮುಂದಿನ ಪ್ರಶ್ನೆ ಕೇಳುವುದು ಬರೆಯುವವಳ ಕೆಲಸ.

ಹೋದ ತಿಂಗಳು ಮೂರು ದಿನ ರಜೆಗೆ ಊರಿಗೆ ಹೋಗಿದ್ದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಗಡಿಬಿಡಿ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮೈಲುತುತ್ತ, ಸುಣ್ಣದ ಚೀಲ, ಡ್ರಮ್ಮು. ಮೇಲಿನ ಹಲಗೆಯಲ್ಲಿ ಒಂದು ಹಳೇ ತಂಪು ಪಾನೀಯದ ಬಾಟಲಿ, ಅರ್ಧ ತುಂಬಿದ್ದು. ಅಕ್ಕನ ಮಗನಿಗೆ ನಾಲ್ಕು ವರ್ಷ, ಕುರ್ಚಿ ಹತ್ತಿದರೆ ಅವನ ಕೈಗೆ ಸಿಗುತ್ತದೆ.

"ಇದೆಂತ ಅಪ್ಪಯ್ಯ?"

"ಔಷಧಿ ಮಾರಾಯ್ತಿ. ಗದ್ದೆಗೆ ತಂದಿದ್ದು, ಡಬ್ಬ ಸೋರ್ತಿತ್ತು."

"ಯಾವ ಔಷಧಿ?"

ಅಪ್ಪಯ್ಯ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು. ಹೇಳಲು ಆಗಲಿಲ್ಲ. ಅದನ್ನು ತೆರೆಯದೆ ಎರಡು ಕವರಿನಲ್ಲಿ ಕಟ್ಟಿ, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು, ಬೀಗ ಇರುವ ತಗಡಿನ ಪೆಟ್ಟಿಗೆಗೆ ಹಾಕಿದೆವು. ಏನು ಮಾಡಬೇಕು ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳುತ್ತೇನೆ ಅಂದರು. ಉಳಿದ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಲೇಬಲ್ ತೋರಿಸಿದೆ. ಕೆಂಪು, ಹಳದಿ, ನೀಲಿ, ಹಸಿರು, ಈ ಕ್ರಮದಲ್ಲಿ ವಿಷ ಕಡಿಮೆಯಾಗುತ್ತ ಬರುತ್ತದೆ, ಏನಾದರೂ ಆದರೆ ಡಾಕ್ಟರಿಗೆ ಬೇಕಾದ ಮಾಹಿತಿ ಡಬ್ಬದ ಮೇಲೋ ಜೊತೆಗೆ ಕೊಡುವ ಚೀಟಿಯಲ್ಲೋ ಇರುತ್ತದೆ ಎಂದೆ. ಅಪ್ಪಯ್ಯ ಡಬ್ಬವನ್ನು ಬೆಳಕಿಗೆ ಹಿಡಿದರು. ಅಕ್ಷರ ಬಹಳ ಸಣ್ಣ.

"ಒಳಗೆ ಮೇಜಿನ ಮೇಲೆ ನನ್ ಕನ್ನಡಕ ಇದೆ, ತಗಂಡ್ ಬಾ" ಅಂದರು.